ಕನ್ನಡಿಯಲ್ಲಿ ಏನೂ ಕಾಣಿಸಲಿಲ್ಲವಂತೆ!

ಇಲ್ಲಿ ಏನೂ ಬರೆಯದೆ ತುಂಬಾ ದಿನಗಳಾದವು. "ಏನಪ್ಪಾ, ಬ್ಲಾಗಿಗೆ ಬೀಗ ಹಾಕಿಬಿಟ್ಯಾ?" ಅಂತ ಇಬ್ಬರು ಗೆಳೆಯರು ಕೇಳಿಯೂ ಆಯಿತು. ಬೀಗ ಹಾಕಿರಲಿಲ್ಲ, ಕೀಲಿಕೈ ಆಫೀಸಿನವರ ಹತ್ತಿರ ಇತ್ತು ಅಷ್ಟೇ :) ಈಗ ರಿಲೀಸ್ ಮುಗಿದಿದೆ. ಒಂದು ಭಾನುವಾರ ಪೂರ್ತಿ ನನ್ನದಾಗಿದೆ. ಬಹಳ ದಿನದಿಂದ ತಲೆಯೊಳಗೆ ಕೊರೀತಾ ಇದ್ದ ಒಬ್ಬ ಮನುಷ್ಯನ ಬಗ್ಗೆ ಬರೆಯೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ಹಿಡಿದುಕೊಂಡೇ ಕೂತ್ಕೊಳ್ಳಿ.

ಕಾರಿನಲ್ಲಿ ಹಿಂದೆ ಬರುವವರನ್ನು ನೋಡೋ ಕನ್ನಡಿ ಶುರುವಾಗಿದ್ದು ಯಾರಿಂದ? ಕ್ವಿಜ್ ಹುಚ್ಚಿರುವವರ ನಾಲಿಗೆ ತುದಿಯಲ್ಲೇ ಉತ್ತರ ಇರುತ್ತೆ - ರೇ ಹರೂನ್. 1911ರಲ್ಲಿ ಮೊಟ್ಟಮೊದಲ ಇಂಡಿಯಾನಾಪೊಲಿಸ್ 500 ರೇಸು ಗೆದ್ದವನು. ಕಾರಿಗೆ ಕನ್ನಡಿ ಕಟ್ಟಿಕೊಂಡು ಬಂದ, ರೇಸು ಗೆದ್ದ, ಹತ್ತು ಅಂಕ, ಮುಂದಿನ ಪ್ರಶ್ನೆ. ನನಗೂ ಗೊತ್ತಿದ್ದದ್ದು ಇಷ್ಟೇ. ಆಮೇಲೆ ಈತನ ಬಗ್ಗೆ ಓದುತ್ತಾ ಹೋದ ಹಾಗೆ, ಈ ಕಥೆಯಲ್ಲಿ ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡಿದ ವಸ್ತು ಅಂದರೆ ಆ ಕನ್ನಡಿಯೇ ಅಂತ ಅನ್ನಿಸೋಕೆ ಶುರುವಾಯ್ತು.

ಹರೂನ್ ಹುಟ್ಟಿದ್ದು 1879ರ ಜನವರಿಯಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದ ಸ್ಪಾರ್ಟನ್ಸ್‌ಬರ್ಗ್ ಎಂಬ ಚಿಕ್ಕ ಊರಲ್ಲಿ. ರೇಸು ಓಡಿಸುತ್ತಿದ್ದ ನಿಜ, ಆದರೆ ಮೂಲತಃ ಆತ ಇಂಜಿನಿಯರ್. ಇಂಡಿಯಾನಾಪೊಲಿಸ್‌ನ ಮಾರ್ಮನ್ ಕಂಪನಿಯಲ್ಲಿ ಕಾರು ರೂಪಿಸುವ ಕೆಲಸ. ಆ ಕಾಲದ ರೇಸ್ ಡ್ರೈವರ್ ಅಂದರೆ ನಮ್ಮ ಕಣ್ಣಮುಂದೆ ಬರೋದು ಬಾರ್ನಿ ಓಲ್ಡ್‌ಫೀಲ್ಡ್ ತರಹದವರು. ಬಾಯಲ್ಲಿ ಸಿಗಾರು, ಊರೂರಿಗೆ ಹೋಗಿ ಪ್ರದರ್ಶನ, ಪೇಪರಿನವರಿಗೆ ಹಬ್ಬ. ಹರೂನ್‌ಗೆ ಇದ್ದ ಅಡ್ಡಹೆಸರು ಏನು ಗೊತ್ತಾ? 'ಪುಟ್ಟ ಪ್ರೊಫೆಸರ್'! 1910ರಲ್ಲಿ ಮಾರ್ಮನ್ ಕಾರಿನಲ್ಲಿ ಒಂದಾದ ಮೇಲೊಂದು ರೇಸು ಗೆದ್ದ. ಅಮೆರಿಕದ ಆ ವರ್ಷದ ಚಾಂಪಿಯನ್ ಅಂತ ದಾಖಲೆಗಳಲ್ಲಿ ಇವತ್ತು ಇರೋದು ಆತನ ಹೆಸರೇ. ವರ್ಷದ ಕೊನೆಗೆ, ಇನ್ನು ಸಾಕು, ನಾನು ಇಂಜಿನಿಯರಿಂಗ್ ಕೆಲಸ ನೋಡಿಕೊಳ್ತೀನಿ ಅಂತ ನಿವೃತ್ತಿಯಾದ. ಆಗ ವಯಸ್ಸು ಮೂವತ್ತೊಂದು.

ಇನ್ನು ಆ ಟ್ರ್ಯಾಕಿನ ಕಥೆ. ಇಂಡಿಯಾನಾಪೊಲಿಸ್ ಸ್ಪೀಡ್‌ವೇ ಕಟ್ಟಿದ್ದು 1909ರಲ್ಲಿ. ಒಂದು ಸುತ್ತು ಎರಡೂವರೆ ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 4 ಕಿಲೋಮೀಟರು. ಮೊದಲು ಜಲ್ಲಿ, ಟಾರು ಹಾಕಿ ದಾರಿ ಮಾಡಿದ್ದರು. ಆಗಸ್ಟಿನಲ್ಲಿ ಕಾರು ರೇಸು ಇಟ್ಟರು, ದಾರಿ ಕಿತ್ತುಬಂತು. ಮೂರು ದಿನದಲ್ಲಿ ಐದು ಜನ ಸತ್ತರು, ಅದರಲ್ಲಿ ಇಬ್ಬರು ಸುಮ್ಮನೆ ನೋಡೋಕೆ ಬಂದವರು. ಆಮೇಲೆ ಮಾಲೀಕರು ಇಡೀ ಟ್ರ್ಯಾಕಿಗೆ ಇಟ್ಟಿಗೆ ಹಾಸಿದರು, 32 ಲಕ್ಷ ಇಟ್ಟಿಗೆ! ಇವತ್ತಿಗೂ ರೇಸು ಶುರುವಾಗುವ ಗೆರೆಯಲ್ಲಿ ಒಂದು ಗಜ ಅಗಲದ ಇಟ್ಟಿಗೆ ಪಟ್ಟಿ ಹಾಗೇ ಉಳಿಸಿಕೊಂಡಿದ್ದಾರೆ. 1911ಕ್ಕೆ ಚಿಕ್ಕಪುಟ್ಟ ರೇಸುಗಳೆಲ್ಲ ಬೇಡ, ವರ್ಷಕ್ಕೊಂದೇ ದೊಡ್ಡ ರೇಸು ಇರಲಿ ಅಂತ ತೀರ್ಮಾನ ಮಾಡಿದರು. 500 ಮೈಲಿ, 200 ಸುತ್ತು, ಗೆದ್ದವನಿಗೆ 10,000 ಡಾಲರ್.

ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ, ಅಲ್ಲಿಂದ ವಾಪಸ್ ದಾವಣಗೆರೆ ದಾಟಿ ಬರುವಷ್ಟು ದೂರ ಅದು. ಇಟ್ಟಿಗೆ ಮೇಲೆ, ಚಾವಣಿ ಇಲ್ಲದ ಕಾರಿನಲ್ಲಿ, ಒಂದೇ ದಿನದಲ್ಲಿ. ಅಷ್ಟು ದೂರ ಆ ಕಾರುಗಳು ಉಳಿದಾವೋ ಇಲ್ಲವೋ ಅನ್ನೋದೇ ದೊಡ್ಡ ಪ್ರಶ್ನೆಯಾಗಿತ್ತು. ಮಾರ್ಮನ್ ಕಂಪನಿಗೆ ತಮ್ಮೂರಿನ ರೇಸು, ತಮ್ಮ ಕಾರು ಗೆಲ್ಲಲೇಬೇಕು. ನಿವೃತ್ತನಾಗಿದ್ದ ಹರೂನ್‌ನನ್ನು ಒಪ್ಪಿಸಿದರು. ಇದೊಂದೇ ರೇಸು ಅಂತ ಆತ ಒಪ್ಪಿಕೊಂಡ.

ಆಗಿನ ರೇಸ್ ಕಾರುಗಳಲ್ಲಿ ಇಬ್ಬರು ಕೂರುತ್ತಿದ್ದರು. ಡ್ರೈವರ್ ಒಬ್ಬ, ಪಕ್ಕದಲ್ಲಿ ಮೆಕ್ಯಾನಿಕ್ ಒಬ್ಬ. ಮೆಕ್ಯಾನಿಕ್ ಅಂದರೆ ನಮ್ಮ ಲಾರಿ ಕ್ಲೀನರ್ ಇದ್ದ ಹಾಗೆ ಅಂದ್ಕೊಳ್ಳಿ. ಎಣ್ಣೆ ಪಂಪು ಮಾಡಬೇಕು, ಟೈರ್ ಮೇಲೆ ಕಣ್ಣಿಡಬೇಕು, ಹಿಂದಿನಿಂದ ಯಾರಾದರೂ ಬಂದರೆ ಡ್ರೈವರಿಗೆ ಸನ್ನೆ ಮಾಡಬೇಕು. ಹರೂನ್ ತಾನು ರೂಪಿಸಿದ ಕಾರಿನಲ್ಲಿ ಆ ಎರಡನೇ ಸೀಟನ್ನೇ ತೆಗೆದುಬಿಟ್ಟ. ಒಂದಾಳಿನ ತೂಕ ಕಡಿಮೆ, ಕಾರಿನ ಅಗಲ ಕಡಿಮೆ, ಗಾಳಿಯ ತಡೆ ಕಡಿಮೆ. ಕಾರಿನ ಹಿಂಭಾಗ ಚೂಪಾಗಿ ಬಾಲದ ತರಹ, ಬಣ್ಣ ಹಳದಿ. ಅದಕ್ಕೇ ಅದರ ಹೆಸರು ವಾಸ್ಪ್, ಅಂದರೆ ಕಣಜ. (ಭತ್ತ ತುಂಬೋ ಕಣಜ ಅಲ್ಲ, ಕಚ್ಚೋ ಕಣಜ!) ಆನ್‌ಸೈಟ್ ಹೋಗಿದ್ದಾಗ ಒಂದು ಶನಿವಾರ ಆ ಸ್ಪೀಡ್‌ವೇ ಒಳಗಿರುವ ಮ್ಯೂಸಿಯಂಗೆ ಹೋಗಿದ್ದೆ. ಹಳದಿ ಕಾರು, ಮೇಲೆ 32 ಅಂತ ನಂಬರು. ನೋಡಿದ ತಕ್ಷಣ ನನಗೆ ಅನ್ನಿಸಿದ್ದು, ಅಬ್ಬಾ, ಒಬ್ಬ ಕೂರೋಕೇ ಜಾಗ ಸಾಲದಲ್ಲ ಅಂತ. ಸ್ಟೇರಿಂಗ್ ಮುಂದೆ ನಾಲ್ಕು ಕಂಬಿ, ಅದರ ಮೇಲೆ ಪುಟ್ಟದೊಂದು ಕನ್ನಡಿ.

ಆ ಕನ್ನಡಿ ಬಂದಿದ್ದು ಯಾಕೆ ಅಂದರೆ, ಉಳಿದ ಡ್ರೈವರುಗಳು ತಕರಾರು ತೆಗೆದರು. ಹಿಂದೆ ನೋಡೋಕೆ ಜನ ಇಲ್ಲ ಅಂದರೆ ಹೇಗೆ, ನಮಗೆಲ್ಲ ಅಪಾಯ ಅಂತ. ನಿಯಮದಲ್ಲಿ ಮೆಕ್ಯಾನಿಕ್ ಕಡ್ಡಾಯ ಅಂತೇನೂ ಇರಲಿಲ್ಲ. ಆದರೂ ಗಲಾಟೆ ಬೇಡ ಅಂತ ಹರೂನ್ ಮೂರಿಂಚು ಅಗಲ, ಎಂಟಿಂಚು ಉದ್ದದ ಕನ್ನಡಿ ಹಾಕಿಸಿದ. ಎಷ್ಟೋ ವರ್ಷ ಹಿಂದೆ ಶಿಕಾಗೋದಲ್ಲಿ ಒಂದು ಕುದುರೆ ಗಾಡಿಯಲ್ಲಿ ಇಂಥದ್ದೇ ಕನ್ನಡಿ ನೋಡಿದ್ದೆ, ಅದೇ ನೆನಪಿಗೆ ಬಂತು ಅಂತ ಮುಂದೆ ಆತನೇ ಹೇಳಿದ. ಅಂದರೆ ಕಂಡುಹಿಡಿದವನು ತಾನು ಅಂತ ಆತನೇ ಅಂದುಕೊಂಡಿರಲಿಲ್ಲ. ಅದಕ್ಕೂ ಮೊದಲೇ, 1909ರಲ್ಲಿ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ರೇಸ್ ಡ್ರೈವರ್ ತನ್ನ ಪುಸ್ತಕದಲ್ಲಿ, ಕಾರು ಓಡಿಸುವ ಹೆಂಗಸರು ಕೈಗನ್ನಡಿ ಇಟ್ಟುಕೊಂಡಿರಿ, ಹಿಂದೆ ಬರುವವರನ್ನು ನೋಡೋಕೆ ಆಗುತ್ತೆ ಅಂತ ಬರೆದಿದ್ದಳು.

ಇನ್ನು ತಮಾಷೆ ಕೇಳಿ. ರೇಸಿನ ದಿನ ಆ ಇಟ್ಟಿಗೆ ದಾರಿಯ ಮೇಲೆ ಕಾರು ಎಷ್ಟು ಕುಲುಕಾಡಿತು ಅಂದರೆ, ಕನ್ನಡಿ ಗಡಗಡ ನಡುಗಿ ಅದರಲ್ಲಿ ಏನೂ ಕಾಣಿಸಲೇ ಇಲ್ಲವಂತೆ! ಹರೂನ್ ಮುಂದೆ ಎಷ್ಟೋ ವರ್ಷದ ಮೇಲೆ ಇದನ್ನು ಒಪ್ಪಿಕೊಂಡ. ಮಾರನೇ ವರ್ಷ, 1912ರಿಂದ, ರೇಸಿನವರು ಮೆಕ್ಯಾನಿಕ್ ಇರಲೇಬೇಕು ಅಂತ ನಿಯಮ ಮಾಡಿದರು. ಅಂದರೆ ಜಗತ್ತಿಗೆಲ್ಲ ಗೊತ್ತಿರೋ ಆ ಕನ್ನಡಿ ಅವತ್ತು ಮಾಡಿದ ಕೆಲಸ ಒಂದೇ, ತಕರಾರು ಮಾಡುವವರ ಬಾಯಿ ಮುಚ್ಚಿಸಿದ್ದು.

ಹಾಗಾದರೆ ಗೆದ್ದದ್ದು ಹೇಗೆ?

ಟೈರಿನಿಂದ. ಆ ಕಾಲದ ಟೈರುಗಳು ಹತ್ತಿ ಬಟ್ಟೆಯ ಪದರಗಳ ಮೇಲೆ ರಬ್ಬರು ಹಾಕಿದಂಥವು. ಒರಟು ಇಟ್ಟಿಗೆಯ ಮೇಲೆ ಜೋರಾಗಿ ಓಡಿಸಿದರೆ ನೋಡನೋಡುತ್ತಲೇ ಹರಿದುಹೋಗುತ್ತಿದ್ದವು. ಹರಿದಾಗಲೆಲ್ಲ ಒಳಗೆ ಬಂದು ಬದಲಾಯಿಸಬೇಕು. ಹರೂನ್ ರೇಸಿಗೆ ಮುಂಚೆಯೇ ಕೂತು ಲೆಕ್ಕ ಹಾಕಿದ್ದ. ಗಂಟೆಗೆ 75 ಮೈಲಿಯ ಆಸುಪಾಸಿನಲ್ಲಿ ಓಡಿಸಿದರೆ ಟೈರು ಬಾಳಿಕೆ ಬರುತ್ತೆ, ಅಲ್ಲಿಂದ 80ಕ್ಕೆ ಏರಿಸಿದರೆ ಸವೆತ ವಿಪರೀತ ಜಾಸ್ತಿಯಾಗುತ್ತೆ ಅಂತ.

ನಾನೂ ಒಂದು ಕಾಗದ ತಗೊಂಡು ಲೆಕ್ಕ ಮಾಡಿ ನೋಡಿದೆ (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ). 80ರಲ್ಲಿ 500 ಮೈಲಿಗೆ ಆರೂಕಾಲು ಗಂಟೆ. 75ರಲ್ಲಿ 6 ಗಂಟೆ 40 ನಿಮಿಷ. ವ್ಯತ್ಯಾಸ 25 ನಿಮಿಷ. ಆದರೆ ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಅಡ್ಡ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಶೇಕಡಾ 7ರಷ್ಟು ಹೆಚ್ಚಿದರೆ ಒತ್ತಡ ಶೇಕಡಾ 14ರಷ್ಟು. ಅದರ ಜೊತೆಗೆ ಬಿಸಿ. 200 ಸುತ್ತು, ಸುತ್ತಿಗೆ ನಾಲ್ಕು ತಿರುವು, ಒಟ್ಟು 800 ತಿರುವು. ಒಂದೊಂದು ಸಲ ಟೈರು ಬದಲಾಯಿಸೋಕೆ ನಿಂತಾಗಲೂ ಆ 25 ನಿಮಿಷದ ಲಾಭ ಕರಗುತ್ತಾ ಹೋಗುತ್ತೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಪ್ಪ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದರು. ಹಾಸನದಿಂದ ಮಂಗಳೂರಿಗೆ, ಶಿರಾಡಿ ಘಾಟಿಯಲ್ಲಿ ಎಷ್ಟೋ ವರ್ಷ ಬಸ್ಸು ಓಡಿಸಿದವರು. ಊಟಕ್ಕೆ ಬಸ್ಸು ನಿಂತರೆ ಎಲ್ಲರೂ ಹೋಟೆಲಿಗೆ ನುಗ್ಗುತ್ತಿದ್ದರೆ, ಅಪ್ಪ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ತಟ್ಟಿ ಸದ್ದು ಕೇಳುತ್ತಾ ಒಂದು ಸುತ್ತು ಬರುತ್ತಿದ್ದರು. ಹಿಂದಿನ ಜೋಡಿ ಚಕ್ರದ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ ಅಂತ ಬಗ್ಗಿ ನೋಡುತ್ತಿದ್ದರು. ಆಮೇಲೇ ಊಟ. "ಇಂಜಿನ್ನು ಹೋದ್ರೆ ಬಸ್ಸು ನಿಂತ್ಕೊಳ್ಳುತ್ತೆ ಮಗಾ, ಟೈರು ಹೋದ್ರೆ ನಿಂತ್ಕೊಳ್ಳಲ್ಲ" ಅಂತಿದ್ದರು. ಬೇರೆ ಬಸ್ಸುಗಳು ಭರ್ ಅಂತ ಪಕ್ಕದಲ್ಲಿ ದಾಟಿ ಹೋದಾಗ, ಚಿಕ್ಕವನಾಗಿದ್ದ ನನಗೆ ಅವಮಾನ ಆಗುತ್ತಿತ್ತು. "ಅಪ್ಪಾ, ಹಾಕು, ಹಿಂದೆ ಹಾಕು ಅವನನ್ನ" ಅಂತ ಕುಣಿಯುತ್ತಿದ್ದೆ. ಅಪ್ಪ ನಗುತ್ತಿದ್ದರೇ ಹೊರತು ಕಾಲು ಅಲುಗಿಸುತ್ತಿರಲಿಲ್ಲ. ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಸಿಕ್ಕ ಬೆಳ್ಳಿ ಪದಕ ಇವತ್ತಿಗೂ ನಮ್ಮನೆ ಷೋಕೇಸಿನಲ್ಲಿದೆ.

ಸರಿ, ರೇಸಿಗೆ ಬರೋಣ. 1911ರ ಮೇ 30. ಸುಮಾರು 80,000 ಜನ ಸೇರಿದ್ದರು. 40 ಕಾರು. ಯಾರ ಅರ್ಜಿ ಮೊದಲು ಬಂತೋ ಆ ಕ್ರಮದಲ್ಲಿ ಕಾರುಗಳನ್ನು ನಿಲ್ಲಿಸಿದ್ದರು, ಹರೂನ್ ಜಾಗ 28ನೆಯದು. ಶುರುವಾಗಿ ಇನ್ನೂ ಹದಿಮೂರು ಸುತ್ತು ಆಗಿರಲಿಲ್ಲ, ಆರ್ಥರ್ ಗ್ರೈನರ್ ಎಂಬುವನ ಕಾರು ಉರುಳಿತು. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ಸ್ಯಾಮ್ ಡಿಕ್ಸನ್ ಸತ್ತುಹೋದ. ಹರೂನ್ ತನ್ನ ಕಾರಿನಿಂದ ಯಾವ ಸೀಟನ್ನು ತೆಗೆದುಹಾಕಿದ್ದನೋ ಅದೇ ಸೀಟಿನಲ್ಲಿ ಕೂತಿದ್ದ ಮನುಷ್ಯ. ಅದು ಓದಿದಾಗ ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ.

ಮುಂದಿನವರೆಲ್ಲ ನುಗ್ಗುತ್ತಿದ್ದರು, ಟೈರು ಹರಿದುಕೊಂಡು ಒಳಗೆ ಬರುತ್ತಿದ್ದರು, ಮತ್ತೆ ನುಗ್ಗುತ್ತಿದ್ದರು. ಹರೂನ್ ತನ್ನ ಲೆಕ್ಕ ಬಿಡಲಿಲ್ಲ. ಮಧ್ಯದಲ್ಲಿ ಸುಸ್ತಾದಾಗ ಸೈರಸ್ ಪ್ಯಾಚ್ಕೆ ಎಂಬ ಇನ್ನೊಬ್ಬ ಡ್ರೈವರಿಗೆ ಕಾರು ಕೊಟ್ಟು ವಿಶ್ರಾಂತಿ ತಗೊಂಡ. ಪ್ಯಾಚ್ಕೆ ಮೂವತ್ತಕ್ಕೂ ಹೆಚ್ಚು ಸುತ್ತು ಓಡಿಸಿದ, ಕಾರನ್ನು ಮುಂದಿನ ಸಾಲಿನಲ್ಲೇ ಇಟ್ಟು ವಾಪಸ್ ಕೊಟ್ಟ. ಕೊನೆಗೆ ಹರೂನ್ ಮೊದಲು ಗೆರೆ ದಾಟಿದ. ಹಿಡಿದ ಸಮಯ 6 ಗಂಟೆ 42 ನಿಮಿಷ 8 ಸೆಕೆಂಡು, ಸರಾಸರಿ ಗಂಟೆಗೆ 74.6 ಮೈಲಿ. ಸರಿಯಾಗಿ 75ರ ಲೆಕ್ಕಕ್ಕೂ ಆತ ತಗೊಂಡ ಸಮಯಕ್ಕೂ ವ್ಯತ್ಯಾಸ ಎರಡು ನಿಮಿಷ ಎಂಟು ಸೆಕೆಂಡು! ನಿಲ್ಲಿಸಿದ ಹೊತ್ತೆಲ್ಲ ಸೇರಿ. ನಮ್ಮ ಪ್ರಾಜೆಕ್ಟುಗಳಲ್ಲಿ ಎರಡು ವಾರದ ಕೆಲಸ ಅಂತ ಹೇಳಿ ಎರಡು ತಿಂಗಳಾಗುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಇಷ್ಟು ಸಲೀಸಾಗಿ ಕಥೆ ಮುಗಿಯೋದಿಲ್ಲ. ರೇಸು ಅರ್ಧಕ್ಕೆ ಬರೋ ಸ್ವಲ್ಪ ಮುಂಚೆ ಸ್ಟ್ಯಾಂಡಿನ ಎದುರೇ ದೊಡ್ಡ ಅಪಘಾತ ಆಯಿತು. ಕಾರುಗಳು ಒಂದರ ಮೇಲೊಂದು ಬಂದು ಗುದ್ದಿದವು. ಆ ಗಲಿಬಿಲಿಯಲ್ಲಿ ಸುತ್ತು ಎಣಿಸುವವರ ಲೆಕ್ಕ ತಪ್ಪಿತು ಅನ್ನುವ ವಾದ ಇದೆ. ಲೋಜಿಯರ್ ಕಾರು ಓಡಿಸಿದ ರಾಲ್ಫ್ ಮಲ್ಫರ್ಡ್, ಗೆದ್ದದ್ದು ನಾನು ಅಂತ ನಂಬಿದ್ದ. ಅಧಿಕೃತ ಲೆಕ್ಕದಲ್ಲಿ ಆತ ಎರಡನೆಯವನು, ಅಂತರ 1 ನಿಮಿಷ 43 ಸೆಕೆಂಡು. ಸ್ಪೀಡ್‌ವೇಯವರು ದಾಖಲೆ ಮತ್ತೆ ಪರಿಶೀಲಿಸಿ ಹರೂನ್‌ನೇ ವಿಜೇತ ಅಂದರು. ಮಲ್ಫರ್ಡ್ ಬದುಕಿರುವ ತನಕ ಹರೂನ್ ಬಗ್ಗೆ ಗೌರವದಿಂದಲೇ ಮಾತಾಡಿದ. ನೂರು ವರ್ಷ ಕಳೆದರೂ ಅಲ್ಲಿನವರು ಇದರ ಬಗ್ಗೆ ಜಗಳ ಆಡುತ್ತಾರೆ. ಆದರೆ ನನ್ನ ಮಟ್ಟಿಗೆ, ಮೊದಲನೆಯದೋ ಎರಡನೆಯದೋ, 28ನೇ ಜಾಗದಿಂದ ಹೊರಟು, ಮುಂದಿರುವವರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳದೆ, ಆರೂಮುಕ್ಕಾಲು ಗಂಟೆ ಒಂದು ಲೆಕ್ಕವನ್ನು ಹಿಡಿದು ಕೂತಿದ್ದು ದೊಡ್ಡದು.

ಅವತ್ತೇ ಹರೂನ್ ರೇಸು ಬಿಟ್ಟ. ಈ ಸಲ ನಿಜವಾಗಿ. ಮತ್ತೆ ಯಾವತ್ತೂ ಸ್ಪರ್ಧೆಗೆ ಇಳಿಯಲಿಲ್ಲ. ಮೂವತ್ತೆರಡು ವಯಸ್ಸು, ದೇಶದ ಅತಿ ದೊಡ್ಡ ರೇಸಿನ ವಿಜೇತ. ಆಮೇಲೆ ಮ್ಯಾಕ್ಸ್‌ವೆಲ್ ಕಂಪನಿಗೆ ಇಂಜಿನಿಯರ್ ಆಗಿ ಹೋಗಿ, ಸೀಮೆಎಣ್ಣೆಯಲ್ಲಿ ಓಡುವ ರೇಸ್ ಕಾರು ಮಾಡಿದ. 1914ರ ಇಂಡಿಯಾನಾಪೊಲಿಸ್ ರೇಸಿನಲ್ಲಿ ಆ ಕಾರು ಒಂಬತ್ತನೇ ಸ್ಥಾನ ಪಡೆಯಿತು. ತನ್ನದೇ ಹೆಸರಿನಲ್ಲಿ ಮಿಶಿಗನ್‌ನ ವೇನ್ ಎಂಬಲ್ಲಿ ಕಾರು ಕಂಪನಿ ಶುರುಮಾಡಿದ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಶುರುವಾದ ಆ ಕಂಪನಿ 1922ಕ್ಕೆ ಮುಚ್ಚಿಹೋಯಿತು. ಮಾರ್ಮನ್ ಕೂಡ 1933ರಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ಹರೂನ್ ತೀರಿಕೊಂಡಿದ್ದು 1968ರಲ್ಲಿ, 89ನೇ ವಯಸ್ಸಿನಲ್ಲಿ, ಹಾಸಿಗೆಯಲ್ಲಿ. ಆ ಕಾಲದ ಎಷ್ಟು ಜನ ರೇಸ್ ಡ್ರೈವರುಗಳಿಗೆ ಆ ಭಾಗ್ಯ ಸಿಕ್ಕಿತು? ಅವತ್ತು ಮೂರನೇ ಸ್ಥಾನಕ್ಕೆ ಬಂದ ಡೇವಿಡ್ ಬ್ರೂಸ್-ಬ್ರೌನ್ ಮಾರನೇ ವರ್ಷವೇ ರೇಸಿನ ಅಭ್ಯಾಸ ಮಾಡುವಾಗ ಟೈರು ಒಡೆದು ಸತ್ತ.

ನಿಲ್ಲಿಸೋದು ಎಷ್ಟು ಕಷ್ಟ ಅಂತ ನಾನು ಮನೆಯಲ್ಲೇ ನೋಡಿದ್ದೀನಿ. ರಿಟೈರ್ ಆದ ಮೇಲೂ ಅಪ್ಪನಿಗೆ ಸ್ಟೇರಿಂಗ್ ಮೇಲಿನ ಆಸೆ ಹೋಗಿರಲಿಲ್ಲ. ನೆಂಟರ ಮದುವೆ, ಗೃಹಪ್ರವೇಶ ಎಲ್ಲಕ್ಕೂ ಅಪ್ಪನೇ ಡ್ರೈವರ್. ಹೋದ ವರ್ಷ ಒಂದು ರಾತ್ರಿ ಚನ್ನರಾಯಪಟ್ಟಣದ ಹತ್ತಿರ ಚಹಾಕ್ಕೆ ಅಂತ ಕಾರು ನಿಲ್ಲಿಸಿದರು. ಕುಡಿದು ಮುಗಿಸಿ ಕೀಲಿಕೈ ನನ್ನ ಕೈಗೆ ಕೊಟ್ಟರು. "ಎದುರು ಲೈಟು ಬಿದ್ರೆ ಕಣ್ಣು ಕತ್ತಲೆ ಕಟ್ಟುತ್ತೆ ಮಗಾ. ಇನ್ಮೇಲೆ ನೀನೇ ಓಡ್ಸು." ಏನೂ ಆಗಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡು ಹಾಸನದವರೆಗೂ ಸುಮ್ಮನೆ ದಾರಿ ನೋಡುತ್ತಾ ಬಂದರು. ಅದಾದ ಮೇಲೆ ಒಂದು ದಿನವೂ ಕೀಲಿಕೈ ಕೇಳಿಲ್ಲ.

ಇದನ್ನೆಲ್ಲ ಈಗ ಬರೆಯೋಕೆ ಒಂದು ಕಾರಣ ಇದೆ. ನಮ್ಮ ಟೀಮಿನಲ್ಲಿ ಒಬ್ಬರಿದ್ದರು. ಹೆಸರು ಬೇಡ. ರಾತ್ರಿ ಓಡುವ ಜಾಬುಗಳು, ಬ್ಯಾಕಪ್ಪು, ಸರ್ಟಿಫಿಕೇಟುಗಳು, ಇಂಥ ಯಾರಿಗೂ ಬೇಡದ ಕೆಲಸ ಅವರದು. ನಾಲ್ಕು ವರ್ಷದಲ್ಲಿ ಅವರ ಕೆಲಸದಿಂದ ರಾತ್ರಿ ಎರಡು ಗಂಟೆಗೆ ಯಾರ ಫೋನೂ ಹೊಡೆದುಕೊಂಡಿದ್ದು ನನಗೆ ನೆನಪಿಲ್ಲ. ಅದೇ ಪಕ್ಕದ ಟೀಮಿನಲ್ಲಿ ತಿಂಗಳಿಗೊಮ್ಮೆ ಎಲ್ಲ ಬಿದ್ದುಹೋಗುತ್ತಿತ್ತು. ರಾತ್ರಿಯೆಲ್ಲ ಕೂತು ಎಬ್ಬಿಸಿ ನಿಲ್ಲಿಸಿದವರಿಗೆ ಚಪ್ಪಾಳೆ, ಇಮೇಲು, ಬಹುಮಾನ. ಈ ವರ್ಷ ಜನ ಕಡಿಮೆ ಮಾಡಬೇಕು ಅಂತ ಮೇಲಿನಿಂದ ಬಂದಾಗ ಪಟ್ಟಿಯಲ್ಲಿ ಇವರ ಹೆಸರಿತ್ತು. ಇವರು ಮಾಡಿದ್ದೇನು ಅಂತ ಕೇಳಿದರೆ ತೋರಿಸೋಕೆ ಏನೂ ಇರಲಿಲ್ಲ, ಯಾಕಂದ್ರೆ ಏನೂ ಆಗಿರಲಿಲ್ಲ! ಹೋಗುವ ದಿನ ನನಗೆ ಹದಿನಾಲ್ಕು ಪುಟದ ಒಂದು ಫೈಲು ಕೊಟ್ಟು, ಯಾವ್ಯಾವುದು ಯಾವಾಗ ಮುಗಿಯುತ್ತೆ, ಎಲ್ಲಿ ಏನು ಗಮನಿಸಬೇಕು ಅಂತ ಸಮಾಧಾನವಾಗಿ ಹೇಳಿಕೊಟ್ಟರು. ಅವರ ಮಗಳಿಗೆ ಆ ವಾರ ಶಾಲೆಗೆ ಫೀಸು ಕಟ್ಟಬೇಕಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಈಗ ಆ ಕೆಲಸ ನನ್ನದು. ವರ್ಷದ ಅಪ್ರೈಸಲ್ ಫಾರಂ ಶುಕ್ರವಾರದೊಳಗೆ ತುಂಬಬೇಕು. "ಈ ವರ್ಷದ ನಿಮ್ಮ ದೊಡ್ಡ ಸಾಧನೆ" ಅನ್ನೋ ಖಾಲಿ ಜಾಗದ ಮುಂದೆ ಮೂರು ದಿನದಿಂದ ಕೂತಿದ್ದೀನಿ. ಮ್ಯಾನೇಜರಿಗೆ ಬೇಕಾಗಿರೋದು ಒಂದು ಕನ್ನಡಿ. ಎದ್ದು ಕಾಣೋ, ಫೋಟೋದಲ್ಲಿ ಬರೋ ವಸ್ತು. ನನ್ನ ಹತ್ತಿರ ಇರೋದು ಹರಿಯದೇ ಉಳಿದ ಟೈರುಗಳು.

ಹರೂನ್‌ಗೆ ಒಂದು ಅನುಕೂಲ ಇತ್ತು, ಅವನ ದಾರಿಗೆ ಕೊನೆಯಲ್ಲಿ ಒಂದು ಗೆರೆ ಇತ್ತು. ನಿಧಾನವಾಗಿ ಬಂದರೂ ಗೆರೆ ದಾಟಿದ ಮೇಲೆ ಲೆಕ್ಕ ಸಿಗುತ್ತೆ. ನಮ್ಮ ಕೆಲಸಕ್ಕೆ ಆ ಗೆರೆ ಇಲ್ಲ. ಆ ಗೆರೆ ಇದ್ದ ಕಡೆಯೂ ಎಲ್ಲರಿಗೂ ಲೆಕ್ಕ ಸಿಗಲಿಲ್ಲ ನೋಡಿ. 1924ರಲ್ಲೂ 1941ರಲ್ಲೂ ಅದೇ ರೇಸಿನಲ್ಲಿ ಒಂದೇ ಕಾರನ್ನು ಇಬ್ಬರು ಓಡಿಸಿ ಗೆದ್ದಾಗ ಇಬ್ಬರ ಹೆಸರನ್ನೂ ವಿಜೇತರು ಅಂತ ಬರೆದುಕೊಂಡರು. 1911ರ ಸಾಲಿನಲ್ಲಿ ಮಾತ್ರ ಹರೂನ್ ಒಬ್ಬನೇ. ಮೂವತ್ತು ಚಿಲ್ಲರೆ ಸುತ್ತು ಕಾರನ್ನು ಕೆಡಿಸದೆ ಓಡಿಸಿ ವಾಪಸ್ ಕೊಟ್ಟ ಸೈರಸ್ ಪ್ಯಾಚ್ಕೆಯ ಹೆಸರನ್ನು ಕ್ವಿಜ್‌ನಲ್ಲಿ ಯಾರೂ ಕೇಳೋದಿಲ್ಲ.

ಒಂದಂತೂ ತೀರ್ಮಾನ ಮಾಡಿದ್ದೀನಿ. ಆ ಖಾಲಿ ಜಾಗದಲ್ಲಿ ಮೊದಲ ಸಾಲಿಗೆ, ಈ ಕೆಲಸವನ್ನು ನಾಲ್ಕು ವರ್ಷ ನೋಡಿಕೊಂಡು ನನಗೆ ಒಪ್ಪಿಸಿ ಹೋದವರ ಹೆಸರು ಬರೀತೀನಿ. ಅದರಿಂದ ಅವರಿಗೆ ಕೆಲಸ ವಾಪಸ್ ಸಿಗೋದಿಲ್ಲ ಅಂತ ಗೊತ್ತು. ಎರಡನೇ ಸಾಲಿಗೆ ಏನು ಬರೀಬೇಕು ಅನ್ನೋದೇ ಹೊಳೀತಿಲ್ಲ. ಆಗದೇ ಇದ್ದದ್ದನ್ನು ಆಫೀಸಿನ ಭಾಷೆಯಲ್ಲಿ ಬರೆಯೋದು ಹೇಗೆ? ನಿಮ್ಮಲ್ಲಿ ಬಹಳಷ್ಟು ಜನ ನನ್ನ ತರಹವೇ ಕೀಬೋರ್ಡ್ ಕುಟ್ಟೋರು, ಯಾರಾದರೂ ಬರೆದು ಗೆದ್ದಿದ್ದರೆ ಕೆಳಗೆ ಒಂದು ಸಾಲು ಹಾಕಿ. ಶುಕ್ರವಾರದವರೆಗೂ ಸಮಯ ಇದೆ :)